ಮೇಷ್ಟ್ರು ಅಂಗೈ ತೆರೆದರು

ನರಿನ್ ಊರಿನ ಆಟದ ಮನೆಯಲ್ಲಿ ಜುಮಾಕದಿರ್ ಮೇಷ್ಟ್ರು ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಬೀಗ ತೆಗೆಯುವುದು, ನೆಲ ಒರೆಸುವುದು ನನ್ನ ಕೆಲಸ. ನೆಲದ ಹಲಗೆಗಳು ಅಲ್ಲಲ್ಲಿ ಸತ್ತುಹೋಗಿದ್ದವು. ಅಲ್ಲಿ ಚೆಂಡು ಪುಟಿಯದೆ ಕೂತುಬಿಡುತ್ತಿತ್ತು. ಹೊರ ಊರಿನ ತಂಡಗಳು ಅಲ್ಲೇ ಸಿಕ್ಕಿಬೀಳುತ್ತಿದ್ದವು. ನಮ್ಮ ಹುಡುಗಿಯರಿಗೆ ಆ ಜಾಗಗಳು ಕಣ್ಣು ಕಟ್ಟಿದರೂ ಗೊತ್ತು.

"ಇದು ಮೋಸ ಅಲ್ವಾ ಮೇಷ್ಟ್ರೇ?" ಎಂದರೆ, "ಮೋಸ ಎಲ್ಲಿ ಬಂತಕ್ಕ? ರಿಪೇರಿ ಮಾಡ್ಸಿ ಅಂತ ಹೇಳೀ ಹೇಳೀ ನನ್ ಹಲ್ಲೇ ಉದುರೋದ್ವು" ಎನ್ನುತ್ತಿದ್ದರು.

ಪ್ರಾಯದಲ್ಲಿ ಸೈನ್ಯದ ತಂಡಕ್ಕೆ ಆಡಿದವರು, ಮಂಡಿ ಕೆಟ್ಟು ಊರಿಗೆ ಬಂದವರು. ಅವರ ಹೆಂಡತಿ ಸಂತೆಯಲ್ಲಿ ಉಣ್ಣೆಯ ಚಪ್ಪಲಿ ಮಾರುತ್ತಿದ್ದಳು. "ನನ್ನನ್ನ ಕಟ್ಕೊಂಡಿದ್ದು ಈ ಮನುಷ್ಯ ಅಲ್ಲ, ಅವನ ಸೀಟಿ" ಎಂದು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದಳು. ನಮ್ಮೂರಿನ ಒಬ್ಬಳಾದರೂ ದೇಶದ ಅಂಗಿ ತೊಡಬೇಕು ಎನ್ನುವುದೊಂದೇ ಮೇಷ್ಟ್ರ ಆಸೆ.

ಅವರು ಕಲಿಸುವ ರೀತಿಯೇ ಬೇರೆ. ಹುಡುಗಿಯ ಬಲಗೈಗೆ ಚಹಾ ತುಂಬಿದ ಬಟ್ಟಲು ಕೊಟ್ಟು ಎಡಗೈಯಲ್ಲಿ ಚೆಂಡು ಪುಟಿಸುತ್ತಾ ಓಡಿಸುವರು. ಚೆಲ್ಲಿದವಳು ನನ್ನಿಂದ ಬಟ್ಟೆ ಇಸಕೊಂಡು ತಾನೇ ಒರೆಸಬೇಕು. ಎಲ್ಲರೂ ಒರೆಸಿದವರೇ, ಐಜಾರ್ಕಿನ್ ಒಬ್ಬಳನ್ನು ಬಿಟ್ಟು. ಕುರಿ ಕಾಯುವವನ ಮಗಳು. ಎಡಗೈಯಲ್ಲಿ ಲಗಾಮು ಹಿಡಿದೇ ಬೆಳೆದವಳು. ಹೊಸದರಲ್ಲಿ ತೋಳಕ್ಕೆ ಕಲ್ಲು ಬೀರಿದ ಹಾಗೆ ಚೆಂಡು ಎಸೆಯುತ್ತಿದ್ದಳು.

"ಹೊಡೀಬೇಡ ತಾಯಿ, ಮಲಗ್ಸು. ಮಗೂನ ತೊಟ್ಟಿಲಿಗೆ ಹಾಕ್ತಾರಲ್ಲ, ಹಂಗೆ" ಎಂದು ಅವಳ ಮಣಿಕಟ್ಟು ಹಿಡಿದು ವರ್ಷಗಟ್ಟಲೆ ತಿದ್ದಿದರು. ಕೊನೆಕೊನೆಗೆ ಚೆಂಡು ಬುಟ್ಟಿಯೊಳಗೆ ಇಳಿಯುವ ಸದ್ದೇ ಕೇಳಿಸದಾಯಿತು.

ಅವಳು ಶಾಲೆ ಮುಗಿಸಿದ ವರ್ಷದ ಶರತ್ಕಾಲದಲ್ಲಿ, ದೇಶದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ರಾಜಧಾನಿ ಬಿಷ್ಕೆಕ್‌ನಿಂದ ನಮ್ಮಲ್ಲಿಗೆ ಪಂದ್ಯ ನೋಡಲು ಬರುವುದು ಗೊತ್ತಾಯಿತು. ಅದೇ ವಾರ ಐಜಾರ್ಕಿನ್ ಕಿವಿಯಲ್ಲಿ ಬೆಳ್ಳಿಯ ಓಲೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತಳು. ಅತ್ತೆಯಾಗುವವಳು ಬಂದು ಓಲೆ ತೊಡಿಸಿದಳೆಂದರೆ ನಮ್ಮಲ್ಲಿ ಹೆಣ್ಣು ಗೊತ್ತಾದ ಹಾಗೆ. ಅದನ್ನು ಹುಡುಗಿಯಾಗಲಿ ತವರಿನವರಾಗಲಿ ಬಿಚ್ಚುವ ಹಾಗಿಲ್ಲ. ಓಲೆ ಇಟ್ಟುಕೊಂಡು ಆಡಲು ಪಂದ್ಯದ ತೀರ್ಪುಗಾರರು ಬಿಡುವುದಿಲ್ಲ.

"ಯಾರೇ ತೊಡ್ಸಿದ್ದು?" ಎಂದರು ಮೇಷ್ಟ್ರು.

"ಉಮ್ಸುನೈ ಅಮ್ಮ. ಅಪ್ಪ ಒಪ್ಪಿದ್ರು. ನಾನು ತಲೆ ಬಗ್ಸಿದೆ ಮೇಷ್ಟ್ರೇ."

"ನಿನ್ನ ಕೇಳಿದ್ರಾ?"

"ತಲೆ ಬಗ್ಸು ಅಂದ್ರು."

ಮೇಷ್ಟ್ರು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬೂಸಾರಾ ಅಕ್ಕ, ಹೆಣ್ಣಿನ ಮಾತು. ಉಮ್ಸುನೈ ಮನೆಗೆ ನಾನೊಬ್ನೇ ಹೋಗೋದು ಚೆಂದ ಅಲ್ಲ. ಜೊತೆಗೆ ಬಾ. ಒಂದು ಪಂದ್ಯ ಆಡ್ಲಿ, ಓಲೆ ಮೇಲೆ ಪಟ್ಟಿ ಅಂಟಿಸ್ತೀನಿ. ಅವರು ಆರಿಸಿದ್ರೆ ಮದುವೆ ಸ್ವಲ್ಪ ಮುಂದಕ್ಕೆ ಹಾಕ್ಲಿ. ಇಷ್ಟೇ ಕೇಳೋದು" ಎಂದರು. ದಾರಿಯುದ್ದಕ್ಕೂ ಅದೇ ಮಾತನ್ನು ಉರು ಹೊಡೆದರು.

ಉಮ್ಸುನೈ ಕೆಟ್ಟ ಹೆಂಗಸಲ್ಲ. ನಮ್ಮನ್ನು ಕಂಡದ್ದೇ ಮುಖವರಳಿಸಿ ಊಟದ ಬಟ್ಟೆ ಹಾಸಿ, ರೊಟ್ಟಿ ಮುರಿದು, ಬೆಣ್ಣೆ, ಚಹಾ ಇಟ್ಟಳು. ಮೇಷ್ಟ್ರನ್ನು ಬಾಗಿಲಿಗೆ ಎದುರಿನ, ದೊಡ್ಡವರು ಕೂರುವ ಜಾಗದಲ್ಲಿ ಕೂರಿಸಿದರು. ಅವಳ ಮಾವ, ಮುದುಕ ಶಾರ್ಶೆನ್, ಕುರಿಗಳ ಯೋಗಕ್ಷೇಮ ಕೇಳಿದ, ಹಿಮದ ಮಾತಾಡಿದ. ಮೇಷ್ಟ್ರು ಬಾಯಿ ತೆರೆದಾಗಲೆಲ್ಲ, "ಮೊದ್ಲು ತಿನ್ನಿ ಮೇಷ್ಟ್ರೇ, ಮಾತೇನು ಓಡಿಹೋಗ್ತದಾ?" ಎಂದ.

ಹೊಟ್ಟೆ ತುಂಬಿದ ಮೇಲೆ ಮುದುಕನೇ ಶುರುಮಾಡಿದ. "ಹುಡುಗೀನ ಹೆತ್ತೋನು ಅವಳಪ್ಪ. ಬೆಳೆಸ್ದೋರು ನೀವು. ಹುಡುಗಿ ಕಡೆ ಹಿರಿಯರು ನೀವಾಗೇ ಹುಡುಕ್ಕೊಂಡು ಬಂದ್ರಿ. ನಮ್ಮ ಪುಣ್ಯ. ಹರಸಿ."

ಮನೆಯವರೆಲ್ಲ ಹರಕೆಗೆ ಅಂಗೈ ತೆರೆದು ಮೇಲೆತ್ತಿ ಕಾದರು. ಮಡಿಲಲ್ಲಿ ಎಳೆಗೂಸಿದ್ದ ಆ ಮನೆಯ ಹಿರಿಸೊಸೆಯೂ ಎತ್ತಿದಳು.

ರೊಟ್ಟಿ ಮುರಿದ ಮನೆಯಲ್ಲಿ ಹರಸು ಎಂದಾಗ ಹರಸದೆ ಕೂತರೆ ಅದು ಶಾಪವೇ. ಮೇಷ್ಟ್ರ ಕೈ ತಾನಾಗಿ ಎದ್ದಿತು. ಒಲೆ ಆರದಿರಲಿ, ಅಂಗಳದ ತುಂಬ ಮಕ್ಕಳಾಗಲಿ ಎಂದರು. "ಓಮಿನ್", ಹಾಗೇ ಆಗಲಿ, ಎಂದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ನಾನೂ ಸವರಿಕೊಂಡೆ. ಮರುಗಳಿಗೆಯೇ ಉಮ್ಸುನೈ ಹೆಣ್ಣಿನ ಕಡೆಯ ಹಿರಿಯರಿಗೆ ಹೊದಿಸುವ ಮಖಮಲ್ಲಿನ ನಿಲುವಂಗಿ ತಂದು ಅವರ ಹೆಗಲಿಗೆ ಹೊದಿಸಿದಳು.

ಆಗ ಎಚ್ಚರವಾದವರಂತೆ ಮೇಷ್ಟ್ರು, "ನಾನು ಬಂದಿದ್ದು... ಒಂದೇ ಒಂದು ಪಂದ್ಯ..." ಎಂದು ತೊದಲುತ್ತಾ ಎಲ್ಲವನ್ನೂ ಹೇಳಿದರು.

ಮುದುಕ ಸಿಟ್ಟಾಗಲಿಲ್ಲ. "ಈಗ ತಾನೇ ಅಂಗೈ ತೆರೆದು ಹುಡುಗೀನ ಈ ಒಲೆಗೆ ಕೊಟ್ರಿ. ಅದೇ ಕೈಯಲ್ಲಿ ಹೆಂಗೆ ಎತ್ಕೊಂಡು ಹೋಗ್ತೀರಿ? ಬೇಡ ಅನ್ನೋ ಮನಸ್ಸಿದ್ರೆ ಮೊದ್ಲೇ ಅನ್ನಬೇಕಿತ್ತು."

"ಮೊದ್ಲು ತಿನ್ನಿ ಅಂದಿರಿ" ಎಂದರು ಮೇಷ್ಟ್ರು.

"ತಿನ್ನಿ ಅಂದೆ. ಹರಸೋ ಮುಂಚೆ ನಿಮ್ಮ ಬಾಯಿ ಕಟ್ಟಿದ್ದು ಯಾರು?"

ಉಮ್ಸುನೈ ತಗ್ಗಿದ ದನಿಯಲ್ಲಿ, "ಗೊತ್ತಾದ ಹುಡುಗಿ ಚಡ್ಡಿ ಹಾಕ್ಕೊಂಡು ಜನರ ಮುಂದೆ ಓಡಿದ್ರೆ ಆಡ್ಕೊಳ್ಳೋದು ನನ್ನನ್ನ ಮೇಷ್ಟ್ರೇ. ನೋಡಕ್ಕೆ ಬೇಕಾದ್ರೆ ಕರ್ಕೊಂಡು ಬರ್ತೀನಿ" ಎಂದಳು.

ಹೊರಗೆ ಬಂದ ಮೇಲೆ ಅವರು ನಿಲುವಂಗಿಯನ್ನು ಬಿಚ್ಚಲಿಲ್ಲ, ಸರಿಯಾಗಿ ತೊಡಲೂ ಇಲ್ಲ. ಅದು ಒಂದು ಹೆಗಲಿಂದ ಜಾರುತ್ತಲೇ ಇತ್ತು. "ನಾನು ಹರಸದೆ ಇರೋಕೆ ಆಗ್ತಿತ್ತಾ ಅಕ್ಕ?" ಎಂದು ಕೇಳಿದರು. ನಾನು ಜಾರಿದ ನಿಲುವಂಗಿಯನ್ನು ಅವರ ಹೆಗಲ ಮೇಲೆ ಸರಿಮಾಡಿದೆ.

ಪಂದ್ಯದ ದಿನ ಉಮ್ಸುನೈ ಆಡಿದ ಮಾತಿನಂತೆ ಐಜಾರ್ಕಿನ್‌ಳನ್ನು ಕರೆತಂದು ಮುಂದಿನ ಸಾಲಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ಹುಡುಗಿಯ ತಲೆಗೆ ಹೊಸ ವಸ್ತ್ರ. ಬಿಷ್ಕೆಕ್‌ನಿಂದ ಬಂದ ಹೆಂಗಸು, "ನೀವು ಹೇಳಿದ್ದ ಎಡಗೈ ಹುಡುಗಿ ಯಾರು?" ಎಂದಳು. ಮೇಷ್ಟ್ರು, "ಇವತ್ತು ಆಡಲ್ಲ" ಎಂದಷ್ಟೇ ಅಂದರು.

ನಮ್ಮವರು ಸೋಲುತ್ತಾ ಬಂದರು. ಆಟ ಕೈಜಾರುವ ಹೊತ್ತಿಗೆ ಮೇಷ್ಟ್ರು ಅಂಕಣದಿಂದ ಕಣ್ಣು ಕೀಳದೆ, ಎಷ್ಟೋ ವರ್ಷದ ರೂಢಿಯಲ್ಲಿ ಕೂಗಿದರು: "ಐಜಾರ್ಕಿನ್, ಏಳು, ಒಳಗೆ ಹೋಗು!"

ಅವಳು ಎದ್ದೇಬಿಟ್ಟಳು. ಎದ್ದು ಒಂದು ಹೆಜ್ಜೆ ಇಟ್ಟೂಬಿಟ್ಟಳು. ಉಮ್ಸುನೈ ಎಳೆಯಲಿಲ್ಲ, ಗದರಲಿಲ್ಲ. ತಲೆಯೆತ್ತಿ ಅವಳ ಮುಖ ನೋಡಿದಳು, ಅಷ್ಟೇ. ಹುಡುಗಿ ಮೇಷ್ಟ್ರತ್ತ ನೋಡಿದಳು. ಅವರು ಹೂಂ ಎನ್ನುತ್ತಾರೇನೋ ಎಂದು ನಾನೂ ಅತ್ತ ತಿರುಗಿದೆ.

ಮೇಷ್ಟ್ರು ತಮ್ಮ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಕೂತ್ಕೋ ತಾಯಿ" ಎಂದರು. ಬೆಂಚಿನ ಕೊನೆಯಲ್ಲಿದ್ದ ಕುಳ್ಳಿ ಮೀರಿಮ್‌ಳ ಭುಜ ತಟ್ಟಿ ಒಳಗೆ ಕಳಿಸಿದರು.