ಕುದಿನೀರಿಗೆ ಹಾಕಿದ ಪೆನ್ನು

ಮುಚ್ಚಳ ತಿರುಗಿಸಿ ತೆಗೆದೊಡನೆ ಗಬ್ಬೆಂದು ಮೂಗಿಗೆ ಬಡಿಯಿತು... ಒಣಗಿದ ಶಾಯಿ, ತುಕ್ಕು, ಯಾರದೋ ಜೇಬಿನ ಬೆವರು. ಥೂ! ಕಳೆದ ವಾರ ದೇವರಾಜ ಮೊಹಲ್ಲಾದ ಹಳೇ ಸಾಮಾನಿನ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಫೌಂಟನ್ ಪೆನ್ನೊಂದನ್ನು ನೋಡುತ್ತಿದ್ದೆ. ಕ್ಲಿಪ್ಪಿನ ಸಂದಿಯಲ್ಲಿ ಕೊಳೆ ಗಟ್ಟಿಯಾಗಿ ಕೂತಿತ್ತು. ಆದರೂ ಕೈ ತಾನಾಗಿ ನಿಬ್ಬನ್ನು ಬೆಳಕಿಗೆ ಹಿಡಿಯಿತು. ಆ ಅಭ್ಯಾಸ ಕಲಿಸಿದವರು ಒಬ್ಬರು ಪೆನ್ ರಿಪೇರಿಯವರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವರು ಇದೇ ಬೀದಿಯ ಮೆಟ್ಟಿಲೊಂದರ ಮೇಲೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಅಶೋಕಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಪರೀಕ್ಷೆಗೆಂದು ಹಳೇ ಪೆನ್ನು ಕೊಳ್ಳಲು ಹೋದ ನನಗೆ ಮಾರುವ ಮೊದಲು ಪೆನ್ನು ನೋಡುವುದನ್ನು ಕಲಿಸಿದರು.

"ಬಣ್ಣ ನೋಡಿ ಮರುಳಾಗ್ಬೇಡ ಕಣವ್ವ. ಇಂಗೆ ಬೆಳಕಿಗೆ ಇಡಿ. ನಿಬ್ಬಿನ ಸೀಳು ತುದೀಗಂಟ ನೆಟ್ಟಗದಾ? ಈಗ ಎಂಟು ಬರಿ, ಕೆರೀತದಾ ನೋಡು."

ಕೆರೆಯಿತು. ಅವರು ನಿಬ್ಬನ್ನು ಉಜ್ಜಿ, ನೇರ ಮಾಡಿ, ಶಾಯಿ ಸರಾಗವಾಗಿ ಇಳಿಯಲೆಂದು ಕೊನೆಗೆ ನಾಲಿಗೆಯ ತುದಿಗೆ ಮುಟ್ಟಿಸಿ ನನ್ನ ಕೈಗಿಟ್ಟರು. ನೀಲಿ ನಾಲಿಗೆ, ಎಲೆಅಡಿಕೆಯ ಕೆಂಪು ಹಲ್ಲು... ಎರಡೇ ಬೆರಳ ತುದಿಯಲ್ಲಿ ಹಿಡಿದು ಬರೆದೆ. ಅಕ್ಷರ ಮಾತ್ರ ಬೆಣ್ಣೆಯ ಹಾಗೆ ಜಾರಿತು.

ನಮ್ಮದು ಹಿಂದೆ ಅರಮನೆಯಲ್ಲಿ ಪಾಠ ಹೇಳಿದವರ ಮನೆ, ಮಡಿ ಜಾಸ್ತಿ. ವಿಷಯ ಹೇಳಿದಾಗ ಅಜ್ಜಿ, "ಎಂಜಲು ಮಾಡಿದ್ನಾ? ಯಾವ ಕಡೆಯೋನೇ ಅವನು?" ಎಂದರು. ಜಾತಿ ಕೇಳುವ ಬಗೆ ನಮ್ಮಲ್ಲಿ ಅದು. ಅಶೋಕಪುರಂ ಎಂದೆ, ದಲಿತರ ಬಡಾವಣೆಯೆಂದು ಊರಿಗೆಲ್ಲ ಗೊತ್ತಿದ್ದ ಹೆಸರು. ಬರೀ ಎಂಜಲಿಗಾಗಿದ್ದರೆ ನಲ್ಲಿ ನೀರು ಸಾಕಾಗುತ್ತಿತ್ತು, ಆ ಹೆಸರಿಗೆ ನೀರು ಕುದಿಯಬೇಕಾಯಿತು. ಒಲೆ ಹಚ್ಚಿದ್ದು ಅಜ್ಜಿ, ಪೆನ್ನನ್ನು ಪಾತ್ರೆಗೆ ಹಾಕಿದ್ದು ನಾನು.

ನಿಬ್ಬಿನಡಿಯ, ಶಾಯಿ ಇಳಿಸುವ ಕಪ್ಪು ಕಡ್ಡಿ ಸೊಟ್ಟಗಾಯಿತು. ಮರುದಿನ ಬರೆಯಹೋದರೆ ಪುಟದ ತುಂಬ ಶಾಯಿಯ ರಾಡಿ. ಪರೀಕ್ಷೆಗೆ ಎರಡೇ ದಿನ. ಮಾನಗೆಟ್ಟವಳು ನಾನು, ನೇರ ಹೋಗಿ ಗಿರಾಕಿಗಳ ಎದುರಿಗೇ ಕೂಗಾಡಿದೆ. "ಕೆಟ್ಟಿರೋ ಪೆನ್ನು ಕೊಟ್ಟು ಮೋಸ ಮಾಡಿದ್ದೀರಿ!" ಇಬ್ಬರು ಗಿರಾಕಿಗಳು ಕೈಲಿದ್ದ ಪೆನ್ನುಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಅವರು ಪೆನ್ನು ಬಿಚ್ಚಿ ಆ ಕಡ್ಡಿಯನ್ನು ಬೆಳಕಿಗೆ ಹಿಡಿದರು. ಕುದಿನೀರಿಗೆ ಅದರ ಬಣ್ಣವೂ ತಿರುಗಿತ್ತು. ಅವರಿಗೆ ಎಲ್ಲ ತಿಳಿಯಿತು.

"ಓಗ್ಲಿ ಬುಡವ್ವ. ಪರೀಕ್ಸೆ ಚೆನ್ನಾಗ್ ಬರಿ."

ತಮ್ಮ ಜೇಬಿನ ಪೆನ್ನಿನ ಕಡ್ಡಿಯನ್ನೇ ಕಿತ್ತು ನನ್ನದಕ್ಕೆ ಕೂರಿಸಿದರು. ಈ ಸಲ ನಾಲಿಗೆಗೆ ಮುಟ್ಟಿಸಲಿಲ್ಲ. ನನ್ನ ಕೈಗೂ ಕೊಡಲಿಲ್ಲ. ಗಾಜಿನ ಮೇಲಿಟ್ಟು ನನ್ನ ಕಡೆ ಮೆಲ್ಲಗೆ ತಳ್ಳಿದರು.

ಅದೇ ಪೆನ್ನಿನಲ್ಲಿ ಬರೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ನಿಜ ಹೇಳಬೇಕು, ಹೇಳಬೇಕು ಎಂದುಕೊಂಡೇ ವರ್ಷಗಳು ಕಳೆದವು. ಕೊನೆಗೆ ಹೋದಾಗ ಆ ಮೆಟ್ಟಿಲ ಮೇಲೆ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಅವರು ತೀರಿಕೊಂಡರೆಂದು ಪಕ್ಕದವರು ಹೇಳಿದರು. ಅವರ ನೀಲಿ ನಾಲಿಗೆ ಈಗ ನೆನಪಾದರೆ ನನಗೆ ಅಸಹ್ಯವಾಗುವುದಿಲ್ಲ. ಆ ಪಾತ್ರೆ ಹಿಡಿದ ನನ್ನ ಕೈ ನೆನಪಾದರೆ ವಾಕರಿಕೆ ಬರುತ್ತದೆ.

ಕಳೆದ ವಾರದ ಪೆನ್ನಿನ ನಿಬ್ಬು ನೆಟ್ಟಗೇ ಇತ್ತು, ಆದರೆ ಅಂಗಡಿಯ ಶಾಯಿಗೆ ಅದ್ದಿದರೂ ಬರೆಯುತ್ತಿರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅದನ್ನು ನಾಲಿಗೆಗೆ ಮುಟ್ಟಿಸಿಬಿಟ್ಟಿದ್ದೆ.

"ಅಯ್ಯೋ, ಥೂ! ಏನ್ ಮೇಡಂ ಅದು!" ಅಂಗಡಿಯವರು ಮುಖ ಸಿಂಡರಿಸಿದರು. ಪೆನ್ನು ವಾಪಸ್ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡರು. "ಅಲ್ಲೇ ಗಾಜಿನ್ ಮೇಲೆ ಇಟ್ಬುಡಿ."

ಇಟ್ಟೆ. ತಪ್ಪಾಯ್ತು, ಕ್ಷಮಿಸಿ ಎಂದೆ. ಆ ಮಾತು ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ.