ಹಿಟ್ಟು ಬಂತಾ?

ನನಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದು ಸುಳ್ಳು ಹೇಳುವುದಕ್ಕೆ. ಆ ಬೇಸಿಗೆ ಟೆಕ್ಸಸ್ಸಿನ ಪ್ಲೇನೋದ ಕನ್ನಡದವರು ಎಲ್ಲಿ ಸಿಕ್ಕರೂ "ಏನ್ರೀ, ನಿನ್ನೆ ನಿಮ್ಮವರು ಗೆದ್ರಾ?" ಎಂದು ಕೇಳುತ್ತಿದ್ದರು. ನಾನು ತೊಡೆಯವರೆಗೆ ಇಳಿಯುವ, ನನ್ನ ಅಳತೆಗಿಂತ ಮೂರು ಸೈಜ್ ದೊಡ್ಡದಾದ ತಂಡದ ಅಂಗಿ ಹಾಕಿಕೊಂಡು ಗೆದ್ದರು, ಸೋತರು ಎಂದು ವರದಿ ಒಪ್ಪಿಸುತ್ತಿದ್ದೆ. ಆ ಅಂಗಿಯೊಳಗೆ ನಾನು ಬಸುರಿ ಎನ್ನುವುದು ನನಗೆ, ನನ್ನ ಗಂಡನಿಗೆ, ಡಾಕ್ಟರಿಗೆ ಬಿಟ್ಟರೆ ಇನ್ನು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದೇ ಆ ವರ್ಷದ ನನ್ನ ಹಟ.

ಹಟಕ್ಕೆ ಕಾರಣವಿತ್ತು. ಹಿಂದಿನ ವರ್ಷದ ಯುಗಾದಿಗೆ ಪಕ್ಕದ ಊರು ಅಲೆನ್‌ನಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಊಟವಿತ್ತು. ಅವರು ಹುಬ್ಬಳ್ಳಿ ಕಡೆಯವರು. ಅಂಕಲ್, ಆಂಟಿ ಇಬ್ಬರೇ ಇರುವ ಮನೆ, ಹಬ್ಬ ಬಂತೆಂದರೆ ನಮ್ಮಂಥ ಹತ್ತು ಸಂಸಾರಗಳಿಗೆ ಅಲ್ಲೇ ಎಲೆ. ನನಗೆ ಆಗ ಮೂರು ತಿಂಗಳು ತುಂಬಿರಲಿಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಗಂಡ ತಡೆಯಲಾರದೆ ಬಾಯಿಬಿಟ್ಟರು. ಎಲ್ಲರೂ ಕೈಕುಲುಕಿದರು. ಆಂಟಿ ಮಾತ್ರ ಓಡಿಬಂದು ನನ್ನ ಗಲ್ಲ ಹಿಡಿದು, "ಅಯ್ಯ ನನ್ನವ್ವ, ಎಷ್ಟ್ ಕಳಾ ಬಂದದ ನೋಡ್ರಿ ಮಾರಿಗೆ!" ಎಂದು ಹತ್ತೂ ಬೆರಳಿನಿಂದ ನೆಟಿಗೆ ಮುರಿದರು. ಎಂಟನೆಯ ದಿನಕ್ಕೆ ಎಲ್ಲ ಮುಗಿಯಿತು.

ಡಾಕ್ಟರು ಅದು ಯಾರ ತಪ್ಪೂ ಅಲ್ಲ ಎಂದರು. ಇಂಥವು ಆಗುತ್ತಿರುತ್ತವೆ ಎಂದರು. ನನ್ನ ಗಂಡನೂ ಅದನ್ನೇ ಹೇಳಿದರು. ನನಗೆ ಅದು ಸಾಲಲಿಲ್ಲ. ಯಾರ ತಪ್ಪೂ ಅಲ್ಲದೆ ಇಷ್ಟು ದೊಡ್ಡದು ಹೇಗೆ ಆಗುತ್ತದೆ? ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಿದೆ. ದೃಷ್ಟಿ ತೆಗೆಯಲು ನೆಟಿಗೆ ಮುರಿದರು ಎಂದರೆ ದೃಷ್ಟಿ ಹಾಕಿದ್ದು ಅವರಿಗೇ ಗೊತ್ತಿತ್ತು ಎಂದಾಯಿತಲ್ಲ. ಈ ತರ್ಕವನ್ನು ನಾನು ಯಾರೆದುರೂ ಆಡಲಿಲ್ಲ. ಆದರೆ ಆಮೇಲೆ ಆಂಟಿ ಸಾರು ಮಾಡಿಕೊಂಡು ನೋಡಲು ಬಂದಾಗ ಬಾಗಿಲಲ್ಲೇ ಡಬ್ಬಿ ತೆಗೆದುಕೊಂಡು, ಒಳಗೆ ಬನ್ನಿ ಎನ್ನದೆ ಕಳಿಸಿಬಿಟ್ಟೆ.

ಎರಡನೆಯ ಸಲ ಬಸುರಿ ಎಂದು ಗೊತ್ತಾದದ್ದು ಮರುವರ್ಷ, ಯುಗಾದಿಗೆ ಕೆಲವೇ ದಿನ ಇರುವಾಗ. ಗಂಡನನ್ನು ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡೆ: ಏಳು ತಿಂಗಳು ತುಂಬುವವರೆಗೆ ಒಂದು ನರಪಿಳ್ಳೆಗೂ ತಿಳಿಯಬಾರದು.

"ನಿಮ್ಮಮ್ಮಂಗಾದ್ರೂ ಹೇಳು ಕಣೇ. ಮೈಸೂರಿಂದ ಇಲ್ಲಿಗೆ ದೃಷ್ಟಿ ತಾಗತ್ತಾ?"

"ಫೋನು ತಲುಪುತ್ತಲ್ಲಾ? ಅದೂ ತಲುಪುತ್ತೆ."

ಯುಗಾದಿ ಊಟಕ್ಕೆ ಹೋಗದಿರಲು ಕಾರಣ ಬೇಕಿತ್ತು. ಅದೇ ದಿನ ನಮ್ಮ ಕಡೆಯ ತಂಡದ ಆಟ ಟೀವಿಯಲ್ಲಿತ್ತು. ನಮಗೆ ಮ್ಯಾಚ್ ಇದೆ ಎಂದುಬಿಟ್ಟೆ. ಆಮೇಲೆ ವೇಳಾಪಟ್ಟಿ ತರಿಸಿ ನೋಡಿದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನಾ ಆಟ! ನಮ್ಮ ಕ್ರಿಕೆಟ್ಟು ಹಬ್ಬವಿದ್ದ ಹಾಗೆ, ಬಂದಾಗ ಉಂಟು. ಇದು ದಿನದ ಅಡುಗೆ. ಇಷ್ಟೊಂದು ನೆಪಗಳನ್ನು ಅಚ್ಚು ಹಾಕಿಸಿ ಕೈಗೆ ಕೊಡುವ ದೇಶ ಇನ್ನೊಂದಿಲ್ಲ. ಸತ್ಯನಾರಾಯಣ ಪೂಜೆಗೆ ಕರೆದರು, ಮ್ಯಾಚ್. ಪಾಟ್‌ಲಕ್‌ಗೆ ಕರೆದರು, ಮ್ಯಾಚ್. ಹೋಗಲೇಬೇಕಾದ ಕಡೆ ಆ ದೊಡ್ಡ ಅಂಗಿ.

ಸುಳ್ಳು ನಿಲ್ಲಬೇಕಾದರೆ ಆಟ ಗೊತ್ತಿರಬೇಕಲ್ಲ. ಡಿಪೆಂಡೆಂಟ್ ವೀಸಾದವಳಿಗೆ ಕೆಲಸವೇನು, ದಿನವೆಲ್ಲ ರೇಡಿಯೋ ಹಾಕಿಕೊಂಡು ಕಲಿತೆ. ಮೊದಮೊದಲು ಒಬ್ಬರ ಮೇಲೂ ನಂಬಿಕೆ ಬರಲಿಲ್ಲ. ಕ್ರಿಕೆಟ್ಟಿನಲ್ಲಿ ಆಟಗಾರರೇ ಆಟ ಮಾರಿಕೊಂಡ ಸುದ್ದಿ ಕೇಳಿ ಬೆಂದವರು ನಾವು. ಚೆಂಡು ಆಕಾಶಕ್ಕೆ ಹೋದರೆ ಮದ್ದು ಚುಚ್ಚಿಸಿಕೊಂಡ ತೋಳೇ ಎಂದು ಅನುಮಾನ, ಕೈಗೆ ಬಂದ ಚೆಂಡು ಬಿಟ್ಟರೆ ಆ ಕೈಯ ಮೇಲೆ ಅನುಮಾನ. ಚೆಂಡು ಹಿಡಿಯುವವನು ತೊಡೆ ಸಂದಿಯಲ್ಲಿ ಬೆರಳಾಡಿಸಿ ಕಳ್ಳ ಸನ್ನೆ ಮಾಡುವುದನ್ನು ಟೀವಿಯಲ್ಲಿ ನೋಡಿದಾಗಲಂತೂ ಇದು ನನ್ನಂಥವರಿಗೇ ಹೇಳಿ ಮಾಡಿಸಿದ ಆಟ ಅನ್ನಿಸಿತು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಕೋರ್‌ಬೋರ್ಡಿನ ಕೊನೆಯ ಅಂಕಣ. ರನ್ನು, ಹಿಟ್ಟು ಅಂದರೆ ದಕ್ಕಿದ ಹೊಡೆತ, ಅದರ ಪಕ್ಕದಲ್ಲಿ ಎರರ್ ಅಂದರೆ ತಪ್ಪು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನನ್ನು ಮನೆಮನೆಯಲ್ಲೂ ಬೈಯುತ್ತೇವೆ, ಬೋರ್ಡಿನಲ್ಲಿ ಮಾತ್ರ ಏನೂ ಇರುವುದಿಲ್ಲ. ಇಲ್ಲಿ ತಪ್ಪು ಯಾರದು ಎಂದು ತೀರ್ಮಾನಿಸಲು ಮೇಲೆ ಒಬ್ಬನನ್ನು ಕೂರಿಸಿರುತ್ತಾರೆ. ಅವನು ಬರೆದದ್ದು ಬರಹ. ನಾನೂ ಒಂದು ಸ್ಕೋರ್ ಪುಸ್ತಕ ಇಟ್ಟುಕೊಂಡೆ. ಆಟವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ಕೊನೆಯ ಹಾಳೆಯಲ್ಲಿ ಒಂದು ದಿನ ಹಳೆಯ ಯುಗಾದಿಯ ತಾರೀಖು ಹಾಕಿ, ಎದುರಿಗೆ ಆಂಟಿ ಎಂದು ಬರೆದು, ಪಕ್ಕದಲ್ಲಿ ಎರರ್ ಎಂದು ಹಾಕಿದೆ. ಅದನ್ನು ಬರೆದದ್ದು ಪೆನ್ನಿನಲ್ಲಿ.

ಮೇ ತಿಂಗಳಲ್ಲಿ ಆರ್ಲಿಂಗ್ಟನ್ನಿನ ಸ್ಟೇಡಿಯಮ್ಮಿಗೆ ಹೋದೆವು. ಪಕ್ಕದ ಸೀಟಿನಲ್ಲಿ ಬಿಳಿಗೂದಲಿನ ಅಮೆರಿಕನ್ ಅಜ್ಜಿ, ಅವಳ ಮಡಿಲಲ್ಲೂ ಸ್ಕೋರ್ ಪುಸ್ತಕ. ಒಂಬತ್ತು ಇನಿಂಗ್ಸಿನ ಆಟದಲ್ಲಿ ನಾಲ್ಕು ಮುಗಿದಿತ್ತು. ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಎದುರಾಳಿಗಳಿಗೆ ಒಂದೇ ಒಂದು ಹಿಟ್ಟು ಕೊಟ್ಟಿರಲಿಲ್ಲ. ಕೊನೆಯವರೆಗೆ ಹೀಗೇ ಹೋದರೆ ಅದು ಅಪರೂಪದ ಸಾಧನೆ. ಬೋರ್ಡಿನ ಸೊನ್ನೆ ನೋಡಿ ನಾನು ಉತ್ಸಾಹದಿಂದ ಅಜ್ಜಿಗೆ ಅದನ್ನು ಹೇಳಹೊರಟೆ. ಅವಳು ಪೆನ್ಸಿಲ್ಲನ್ನು ತುಟಿಗೆ ಅಡ್ಡ ಇಟ್ಟು, "ಅದನ್ನು ಬಾಯಲ್ಲಿ ಆಡಬಾರದು ಮಗಳೇ, ಆಡಿದರೆ ಹೋಗುತ್ತದೆ" ಎಂದಳು. ನಂತರ ಆಟಗಾರರು ಕೂರುವ ಬೆಂಚಿನ ಕಡೆ ಬೆರಳು ತೋರಿಸಿದಳು. ಪಿಚರ್ ಒಂದು ತುದಿಯಲ್ಲಿ ಒಬ್ಬನೇ ಕೂತಿದ್ದ. ಉಳಿದವರೆಲ್ಲ ಇನ್ನೊಂದು ತುದಿಗೆ ಒತ್ತಿಕೊಂಡಿದ್ದರು. ಅವನ ಹತ್ತಿರ ಯಾರೂ ಹೋಗುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ, ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ನಾನು ಗಂಡನ ಮೊಣಕೈ ತಿವಿದು ಗೆದ್ದವಳ ಹಾಗೆ ಅಂದೆ: "ನೋಡಿ ರೀ. ನನಗೆ ಹುಚ್ಚು ಅಂತಿದ್ರಲ್ಲ. ಇಷ್ಟು ಜನಕ್ಕೂ ಹುಚ್ಚಾ?"

"ಕೆಲವು ಸಲ ಕೋಇನ್ಸಿಡೆನ್ಸ್ ಆಗತ್ತೆ ಕಣೇ," ಎಂದರು. ಆದರೆ ಅವರೂ ಬಾಯಿ ಮುಚ್ಚಿಕೊಂಡು ಕೂತರು. ಮುಂದಿನ ಇನಿಂಗ್ಸಿನಲ್ಲೇ ಹಿಟ್ಟು ಬಂತು. ನಾನು ಅರ್ಧ ಮಾತು ಆಡಿದ್ದಕ್ಕೇ ಹೀಗಾಯಿತೋ ಎಂದು ಮನೆಗೆ ಬರುವವರೆಗೆ ಕೊರಗಿದೆ.

ಆ ದಿನಗಳಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬೀಳತೊಡಗಿತ್ತು. ಆಂಟಿ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದರು. ದೇವಸ್ಥಾನದ ಹಾಲ್‌ನಲ್ಲಿ ನಾನು ಕೂತ ಸಾಲಿನಲ್ಲಿ ಕೂರುತ್ತಿರಲಿಲ್ಲ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರು ಏನೋ ಮರೆತವರಂತೆ ಸರಿದು ಹೋದರು. ಅರಿಸಿನ ಕುಂಕುಮ ಕೊಡುವಾಗ ಎಲ್ಲರಿಗೂ ತಾವೇ ಕೊಟ್ಟು, ನನ್ನ ಸರದಿಗೆ ಬಟ್ಟಲನ್ನು ಇನ್ನೊಬ್ಬರ ಕೈಗೆ ದಾಟಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಳಗೊಳಗೇ ಒಂದು ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಜೂನ್ ತಿಂಗಳ ಒಂದು ಬುಧವಾರ ಮಧ್ಯಾಹ್ನದ ಆಟ. ಅದೇ ಪಿಚರ್. ಐದು ಇನಿಂಗ್ಸ್ ಆದರೂ ಎದುರಾಳಿಗಳಿಗೆ ಹಿಟ್ಟಿಲ್ಲ. ರೇಡಿಯೋದವನು ಆ ಮಾತನ್ನು ಆಡದೆ, "ಬೋರ್ಡು ನೋಡಿದವರಿಗೆ ಗೊತ್ತಾಗುತ್ತದೆ" ಎಂದು ಸುತ್ತಿಬಳಸುತ್ತಿದ್ದ. ಅವತ್ತು ಬೆಳಿಗ್ಗೆಯಿಂದ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಹಿಡಿದುಕೊಂಡಂತೆ ಇತ್ತು. ಈ ಆಟ ಹೀಗೇ ಮುಗಿದರೆ ಮಗು ಉಳಿಯುತ್ತದೆ ಎಂದು ನನಗೆ ನಾನೇ ಪಂದ್ಯ ಕಟ್ಟಿಕೊಂಡು, ಕೂತ ಕುರ್ಚಿ ಬಿಟ್ಟು ಏಳದೆ ಕೂತಿದ್ದೆ. ಆಫೀಸಿನಲ್ಲಿದ್ದ ಗಂಡನಿಗೆ ಫೋನು ಮಾಡಿ ಆಟದ ವಿಷಯವನ್ನು ಸೂಚ್ಯವಾಗಿ ತಿಳಿಸಿಯೂ ಆಗಿತ್ತು.

ಆಗ ಬಾಗಿಲು ಬಡಿದ ಸದ್ದು. ತೆಗೆದರೆ ಆಂಟಿ. ಕನ್ನಡ ಸಂಘದ ಯಾವುದೋ ಆಮಂತ್ರಣ ಹಂಚಲು ಬಂದಿದ್ದರು. ಕೊಟ್ಟು ಹಾಗೇ ತಿರುಗಿದವರನ್ನು ಒಳಗೆ ಕರೆಯದೆ ವಿಧಿಯಿರಲಿಲ್ಲ, ಹೊರಗೆ ಬಿಸಿಲು ಸುಡುತ್ತಿತ್ತು. ರೇಡಿಯೋ ಸದ್ದು ತಗ್ಗಿಸಿದೆ. ಅವರು ಸೋಫಾದ ತುದಿಗೆ ಕೂತರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವರ ಮುಂದೆ ಮಾತಾಡುವುದು ಬೇಡವೆಂದು ನಾನು ಎತ್ತಲಿಲ್ಲ. ಆನ್ಸರಿಂಗ್ ಮಷೀನ್ ಎತ್ತಿಕೊಂಡಿತು. ನನ್ನ ಗಂಡನ ದನಿ ಮನೆ ತುಂಬ ಮೊಳಗಿತು:

"ನಾನು ಕಣೇ. ಹಿಟ್ಟು ಬಂತಾ? ಇನ್ನೂ ಬಂದಿಲ್ಲ ತಾನೆ? ಬಂದಿಲ್ಲಾಂದ್ರೂ ಯಾರ ಹತ್ರಾನೂ ಬಾಯ್ಬಿಡ್ಬೇಡ. ಸುಮ್ನೆ ಕೂತಿರು, ಎದ್ದು ಓಡಾಡ್ಬೇಡ."

ಆಂಟಿ ಮಷೀನನ್ನು ನೋಡಿದರು. ಮೇಜಿನ ಮೇಲಿದ್ದ ಉಪ್ಪು ಬಿಸ್ಕತ್ತು, ನಿಂಬೆ ಹೋಳು ನೋಡಿದರು. ನನ್ನ ಅಂಗಿಯನ್ನು ನೋಡಿ ತಟ್ಟನೆ ಕಣ್ಣು ಬೇರೆಡೆ ತಿರುಗಿಸಿದರು. "ಬರ್ತೇನವಾ," ಎಂದು ಎದ್ದವರು ಕಾಫಿಗೂ ನಿಲ್ಲಲಿಲ್ಲ, ಕುಂಕುಮಕ್ಕೂ ನಿಲ್ಲಲಿಲ್ಲ. ಅವರ ಕಾರು ತಿರುವು ದಾಟಿತೋ ಇಲ್ಲವೋ, ರೇಡಿಯೋದಲ್ಲಿ ಜನ ಒಮ್ಮೆಗೇ ಉಸಿರು ಬಿಟ್ಟ ಸದ್ದು. ಹಿಟ್ಟು ಬಂದಿತ್ತು. ಅದೂ ಒಳ್ಳೆಯ ಹೊಡೆತವಲ್ಲ, ಇಬ್ಬರ ನಡುವೆ ಪಚಕ್ಕನೆ ಬಿದ್ದ ಚೆಂಡು.

ನಾನು ಕೂಗಿಕೊಂಡು ಅತ್ತೆ. ಸಂಜೆ ಡಾಕ್ಟರ ಹತ್ತಿರ ಹೋಗಿ, ಮಗುವಿನ ಎದೆಬಡಿತ ಕೇಳಿಸಿಕೊಂಡು ಬಂದ ಮೇಲೂ ಕೋಪ ಇಳಿಯಲಿಲ್ಲ. "ಆ ಹೆಂಗಸು ಕಾಲಿಟ್ಟಿದ್ದಕ್ಕೇ ಹೋಯ್ತು," ಎಂದೆ. "ಪಿಚರ್ ಸುಸ್ತಾಗಿದ್ದ ಕಣೇ," ಎಂದರು ಗಂಡ. ಹಾಗೆಂದವರು ಅವತ್ತಿನಿಂದ ಸೆಪ್ಟೆಂಬರ್‌ವರೆಗೆ ದಿನಾ ಸಂಜೆ ಒಂದೇ ಕುರ್ಚಿಯಲ್ಲಿ ಒಂದೇ ಕಡೆ ಕಾಲು ಚಾಚಿ ಆಟ ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಕೇಳಿದರೆ ಬೆನ್ನುನೋವು ಎನ್ನುತ್ತಿದ್ದರು.

ಮೂರು ದಿನ ಬಿಟ್ಟು ಬಾಗಿಲ ಮುಂದೆ ಒಂದು ಚೀಲ ಬಿದ್ದಿತ್ತು. ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯ ಚೀಟಿ ಅಂಟಿಸಿದ ರಾಗಿ ಹಿಟ್ಟು. ಚೀಟಿಯ ಹಿಂಬದಿಯಲ್ಲಿ ಆಂಟಿಯ ದುಂಡಗಿನ ಅಕ್ಷರದಲ್ಲಿ 'ಹಿಟ್ಟು' ಎಂದಷ್ಟೇ ಬರೆದಿತ್ತು. ಗಂಡ ಬಿದ್ದು ಬಿದ್ದು ನಕ್ಕರು. "ಪಾಪ, ಹಿಟ್ಟು ಬಂತಾ ಅಂದಿದ್ದಕ್ಕೆ ಮನೇಲಿ ಹಿಟ್ಟಿಲ್ಲ ಅಂದ್ಕೊಂಡಿದಾರೆ!" ನನಗೆ ನಗು ಬರಲಿಲ್ಲ. ಕೈಗೆ ಕೊಡದೆ ಬಾಗಿಲಲ್ಲಿ ಇಟ್ಟು ಹೋಗುವವರು ಏನು ಮಾಡಿ ಇಟ್ಟಿದ್ದಾರೋ ಯಾರಿಗೆ ಗೊತ್ತು. ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಗರಾಜಿನ ಮೂಲೆಯ ಶೆಲ್ಫಿಗೆ ಎಸೆದೆ.

ಜುಲೈ, ಆಗಸ್ಟ್ ಬೆಂಕಿಯಂತೆ ಕಳೆಯಿತು. ನಮ್ಮ ತಂಡ ಸೋತು ಸೋತು ತಳ ಸೇರಿತು. ಎಲ್ಲರೂ ಆಸೆ ಬಿಟ್ಟರು, ನಾನು ಬಿಡಲಿಲ್ಲ. ನನಗೆ ಅವರ ಗೆಲುವು ಬೇಕಿರಲಿಲ್ಲ, ದಿನಾ ಆಟವಿದ್ದರೆ ಸಾಕಿತ್ತು. ಪ್ರತಿ ಆಟ ಮುಗಿದಾಗ ಪುಸ್ತಕದ ಒಂದು ಹಾಳೆ ಮಗುಚುತ್ತಿದ್ದೆ. ಹಾಳೆ ಮಗುಚಿದರೆ ಮಗುವಿಗೆ ಒಂದು ದಿನ ಸೇರಿತು ಎಂದು ಅರ್ಥ.

ಸೆಪ್ಟೆಂಬರಿನ ಕೊನೆಯ ಭಾನುವಾರ, ಸೀಸನ್ನಿನ ಕೊನೆಯ ಆಟದ ದಿನ, ನನಗೆ ಏಳು ತುಂಬಿತ್ತು. ಡಾಕ್ಟರು ಇನ್ನು ಹೆದರಬೇಡ ಎಂದಿದ್ದರು. ಅಮ್ಮನಿಗೆ ಫೋನು ಮಾಡಿ ಅಳಿಸಿದ್ದೂ, ಬೈಸಿಕೊಂಡಿದ್ದೂ ಆಯಿತು. ದಸರೆಯಲ್ಲಿ ಸೀಮಂತ. ಕರೆಯಲು ಮೊದಲು ಆಂಟಿಯ ಮನೆಗೇ ಹೋಗೋಣ ಎಂದೆ. ಭಕ್ತಿಯಿಂದಲ್ಲ. ನಿಮ್ಮ ಕಣ್ಣು ತಪ್ಪಿಸಿ ಗೆದ್ದೆ ಎಂದು ಅವರ ಮುಖದ ಮುಂದೆ ನಿಂತು ತೋರಿಸಬೇಕಿತ್ತು. ಆ ದಿನ ದೊಡ್ಡ ಅಂಗಿ ಬಿಟ್ಟು ಸೀರೆ ಉಟ್ಟೆ.

ಬಾಗಿಲು ತೆಗೆದ ಆಂಟಿ ನನ್ನ ಮುಖವನ್ನಷ್ಟೇ ನೋಡುತ್ತ ನಿಂತರು. ಹೊಟ್ಟೆಯ ಕಡೆ ಕಣ್ಣು ಇಳಿಸಲಿಲ್ಲ.

"ಹೇಳವಾ," ಎಂದರು. "ನೀ ಹೇಳು. ನಾ ಕೇಳ್ತೇನಿ."

"ಏಳು ತುಂಬಿತು ಆಂಟಿ," ಎಂದೆ.

ಅವರು ಅಲ್ಲೇ ಮಹಡಿಯ ಮೆಟ್ಟಿಲ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. "ನಂಗ ಗೊತ್ತಿತ್ತವಾ. ಯುಗಾದಿಗೆ ನೀ ಬರಲಿಲ್ಲ, ಅವತ್ತ ಡೌಟ್ ಬಂದಿತ್ತು. ಹಿಟ್ಟಿನ ದಿನ ಖರೇ ಆತು. ನಿಮ್ಮ ಮೈಸೂರ ಕಡೆ ರಾಗಿ ಮುದ್ದಿಗೇ ಹಿಟ್ಟು ಅಂತಾರಲ್ಲಾ. ಬಸರಿ ಹುಡುಗಿ ಬಯಸ್ಯಾಳ, ಇಲ್ಲಿ ಸಿಗವಲ್ದು, ಯಾರಿಗೂ ಹೇಳಬ್ಯಾಡ ಅಂತ ಗಂಡ ಅಂದಾನ ಅಂತ ತಿಳಕೊಂಡೆ. ಅಂಕಲ್‌ಗೆ ಕಾರಣಾ ಹೇಳಲಿಲ್ಲ, ಸ್ಟಾಫರ್ಡ್‌ತನಕಾ ಡ್ರೈವ್ ಮಾಡಸ್ಕೊಂಡು ಹೋಗಿ ತಂದೆ."

ಸ್ಟಾಫರ್ಡ್ ಹೂಸ್ಟನ್ನಿನ ಆಚೆ. ಹೋಗಲು ನಾಲ್ಕೂವರೆ ಗಂಟೆ, ಬರಲು ನಾಲ್ಕೂವರೆ.

"ಮತ್ತೆ ನನ್ನ ಹತ್ತಿರ ಯಾಕೆ ಬರ್ತಿರಲಿಲ್ಲ ಆಂಟಿ?"

"ಹ್ಯಾಂಗ ಬರ್ಲವಾ? ಹ್ವಾದ ಸಲಾ ನನ್ನ ಬಾಯಿಂದನ ಆತು. ನೀ ಬಾಗಲದಾಗ ಡಬ್ಬಿ ಇಸಕೊಂಡಿ, ನನಗ ತಿಳೀತು. ಈ ಸಲಾ ನನ್ನ ಕಣ್ಣ ಬೀಳಬಾರದು, ನನ್ನ ಮಾತ ತಾಗಬಾರದು ಅಂತ ದೂರ ದೂರ ಇದ್ದೆ."

ನಾನು ಬಾಯಿಬಿಟ್ಟು ಒಂದು ದಿನವೂ ಆಡದ ಮಾತನ್ನು ಅವರು ಒಂದೂವರೆ ವರ್ಷ ಹೊತ್ತುಕೊಂಡು ತಿರುಗಿದ್ದರು. ನನಗೆ ಸ್ಟೇಡಿಯಮ್ಮಿನ ಬೆಂಚು ನೆನಪಾಯಿತು. ಆ ತುದಿಗೆ ಒತ್ತಿಕೊಂಡು ಕೂತವರು ಪಿಚರ್‌ಗೆ ಆಗದವರು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕಷ್ಟಪಟ್ಟು ಕೂತು ಅವರ ಕೈ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅವರು ಕೈ ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು:

"ಹಿಟ್ಟು ಉಂಡ್ಯಾ? ಛಲೋ ಇತ್ತಾ?"

"ಉಂಡೆ ಆಂಟಿ," ಎಂದೆ. "ತುಂಬಾ ಚೆನ್ನಾಗಿತ್ತು."

ಮನೆಗೆ ಬಂದವಳೇ ಸೀರೆಯಲ್ಲೇ ಗರಾಜಿಗೆ ಹೋಗಿ ಚೀಲ ತೆಗೆದೆ. ಟೆಕ್ಸಸ್ಸಿನ ಮೂರು ತಿಂಗಳ ಸೆಕೆ ಕುಡಿದ ಹಿಟ್ಟಿಗೆ ಹುಳ ಬಿದ್ದಿತ್ತು. ಗಂಡ ಬಿಸಾಡು ಎಂದರು. ನಾನು ಜರಡಿ ತಂದು ಒಂದಲ್ಲ, ಮೂರು ಸಲ ಜರಡಿ ಹಿಡಿದೆ. ರೇಡಿಯೋದಲ್ಲಿ ನಮ್ಮ ತಂಡ ಕೊನೆಯ ಆಟವನ್ನೂ ಸೋಲುತ್ತಿತ್ತು. ನೀರು ಕುದಿಸಿ ಮುದ್ದೆ ತೊಳಸಿ, ಬಿಸಿ ಸಾರಿನ ಜೊತೆ ತಟ್ಟೆಗೆ ಹಾಕಿಕೊಂಡು ಕೂತೆ. ಕಮಟು ವಾಸನೆ, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಯಾಕೆ ಕಣೇ ಇದು? ಬೇರೆ ಹಿಟ್ಟು ತಂದರಾಯ್ತಪ್ಪ," ಎಂದರು ಗಂಡ.

ನಾನು ತುತ್ತು ಮುರಿದು ಪೂರ್ತಿ ಉಂಡೆ. ಉಂಡೆ ಎಂದು ಹೇಳಿ ಬಂದಿದ್ದೆನಲ್ಲ.