ಮೇಸ್ತ್ರಿಯವರು ಓಡಿಸಿದ ಕೆಂಪು ಕಾರು

ಭೂಮಿಕಾ, ತರುಣ್,

ಮೇಸ್ತ್ರಿ ತಾತ ಅಂದರೆ ನಿಮಗೆ ಅವರ ಮೆಹಂದಿ ಹಚ್ಚಿದ ಕೆಂಪು ಗಡ್ಡ ನೆನಪಾಗುತ್ತದೆ. ನನಗೆ ಮೊದಲು ಕಣ್ಣಿಗೆ ಬರುವುದು ಅವರ ಎಡಗಾಲು. ಅದು ಮಂಡಿಯ ಹತ್ತಿರ ಮಡಚುತ್ತಿರಲಿಲ್ಲ. ಕೂತರೂ ನಿಂತರೂ ಒನಕೆಯ ಹಾಗೆ ನೇರ. ಮಣೆಯ ಮೇಲೆ ಕೂತು, ಆ ಕಾಲನ್ನು ಮುಂದಕ್ಕೆ ಚಾಚಿ, ಅದರ ಮೇಲೆಯೇ ಸ್ಪಾನರುಗಳನ್ನು ಸಾಲಾಗಿ ಜೋಡಿಸಿಕೊಳ್ಳುತ್ತಿದ್ದರು. ಯಾರಾದರೂ ಗಿರಾಕಿ ಅಯ್ಯೋ ಪಾಪ ಎಂದರೆ, "ಪಾಪ ಯಾಕ್ರೀ? ಹತ್ತನೇ ನಂಬರು ಸ್ಪಾನರ್ ಎಲ್ಲೈತೆ ಅಂತ ಊರೋರೆಲ್ಲ ಹುಡುಕ್ತಾರೆ, ನಂದು ತೊಡೆ ಮ್ಯಾಲೇ ಐತೆ" ಅನ್ನುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ವರ್ಷ ನಾನು ರೇಷ್ಮೆ ಮಗ್ಗ ನಿಲ್ಲಿಸಿ, ಮೊಳಕಾಲ್ಮೂರಿನ ಮನೆಗೆ ಬೀಗ ಹಾಕಿ, ಚಳ್ಳಕೆರೆಗೆ ನಿಮ್ಮ ಅವ್ವನ ಮನೆಗೆ ಬಂದೆ. ತರುಣ್, ನೀನು ಆಗ ಕೈಗೂಸು. ನಾನು ಮೊದಲೇ ಮಾತು ಕಡಿಮೆ. ಕೊಂಡ್ಲಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ; ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ಇದ್ದ ನಾಲ್ಕು ಮಾತೂ ನಿಂತುಹೋದವು. ಮನೆಯವರ ಜೊತೆ ಎಷ್ಟು ಬೇಕೋ ಅಷ್ಟು. ಹೊರಗಿನವರು ಬಂದರೆ ಅಡುಗೆಮನೆ ಸೇರಿಕೊಳ್ಳುತ್ತಿದ್ದೆ.

ನಿಮ್ಮ ಹಿತ್ತಲ ಗೋಡೆಯ ಆಚೆಗೇ ಮೇಸ್ತ್ರಿಯವರ ಗ್ಯಾರೇಜು. ಗೋಡೆ ನನ್ನ ಎದೆಯಷ್ಟು ಎತ್ತರ. ಬಟ್ಟೆ ಒಣಹಾಕುವಾಗ, ನಿನ್ನನ್ನು ಎತ್ತಿಕೊಂಡು ಓಡಾಡುವಾಗ ಆ ಕಡೆಯದೆಲ್ಲ ಕಾಣುತ್ತಿತ್ತು. ಅವರು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಲಾರಿಯವನಿಗೆ, "ನೀನು ಹೇಳೋದು ಒಂದು, ನಿನ್ನ ಗಾಡಿ ಹೇಳೋದು ಒಂದು. ನಾನು ಗಾಡಿ ಮಾತೇ ನಂಬ್ತೀನಿ ಕಣಲೇ" ಎನ್ನುತ್ತಿದ್ದರು. ಟೀಯನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದದೆ, ಆರುವವರೆಗೂ ಅದನ್ನೇ ನೋಡುತ್ತಾ ಕೂರುವರು. ಸಂಜೆ ಕೈಯ ಮಸಿ ಬಿಡಿಸಲು ಶೇಂಗಾ ಎಣ್ಣೆಯನ್ನೇ ತಿಕ್ಕುವರು. ಅದಕ್ಕೆ ಅವರ ಹೆಂಡತಿ, "ಒಗ್ಗರಣೆಗೆ ಎಣ್ಣೆ ಇಲ್ಲ, ಇವರ ಕೈಗೆ ಮಾತ್ರ ದಿನಾ ಅಭ್ಯಂಜನ!" ಎಂದು ಕೂಗುವರು.

ಗ್ಯಾರೇಜಿನ ಮೂಲೆಯಲ್ಲಿ ಆ ಕೆಂಪು ಕಾರು ನಿಂತಿತ್ತು. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹಾಗೆ ಕುಳ್ಳಗೆ, ಮೂತಿ ಮಾತ್ರ ಉದ್ದ. ಎಣ್ಣೆ ಮಿಲ್ಲಿನ ಸಾಹುಕಾರರು ಎಷ್ಟೋ ವರ್ಷದ ಹಿಂದೆ ಬೊಂಬಾಯಿಯಿಂದ ತರಿಸಿದ್ದಂತೆ. ಅದರ ಗೇರು ತಾನೇ ಬದಲಾಗುವಂಥದ್ದು. ಅದು ಕೆಟ್ಟಾಗ ಸುತ್ತಲ ಯಾವ ಊರಿನವರಿಗೂ ಸರಿಮಾಡಲು ಬರಲಿಲ್ಲ. ಮಿಲ್ಲು ಮುಚ್ಚಿದಾಗ ಸಾಹುಕಾರರ ಮಕ್ಕಳು, "ನೀವೇ ಇಟ್ಕೊಳ್ರಿ ಮೇಸ್ತ್ರಿ" ಎಂದು ತಳ್ಳಿಸಿಕೊಂಡು ಬಂದು ಬಿಟ್ಟುಹೋದರು.

"ಸವತಿ ಆಗಿದ್ರೆ ಒಂದಿನ ಮುನಿಸ್ಕೊಂಡು ತೌರಿಗಾದ್ರೂ ಹೋಗ್ತಿದ್ಲು. ಇದು ಅತ್ತೆ. ಕೂತ ಜಾಗ ಬಿಟ್ಟು ಕದಲಲ್ಲ" ಎನ್ನುತ್ತಿದ್ದರು ಅವರ ಹೆಂಡತಿ.

ಮೇಸ್ತ್ರಿಯವರಿಗೆ ಆ ಕಾರಿನ ಮೇಲೆ ಅಷ್ಟು ಆಸೆ ಏಕೆಂದು ನನಗೆ ಹೇಳಿದ್ದೂ ಅವರ ಹೆಂಡತಿಯೇ. ವಯಸ್ಸಿನಲ್ಲಿ ಅವರು ಬಳ್ಳಾರಿ ರಸ್ತೆಯಲ್ಲಿ ಗಾಳಿಯ ಹಾಗೆ ಓಡಿಸುತ್ತಿದ್ದರಂತೆ. ಒಂದು ದಿನ ಲಾರಿಯ ಕೆಳಗೆ ಮಲಗಿದ್ದಾಗ ಜಾಕು ಜಾರಿ ಮಂಡಿ ಜಜ್ಜಿಹೋಯಿತು. ಎಡಗಾಲು ಮಡಚದಿದ್ದರೆ ಕ್ಲಚ್ಚು ಒತ್ತುವುದು ಹೇಗೆ? ಆಮೇಲೆ ಅವರು ಸಾವಿರ ಗಾಡಿ ರಿಪೇರಿ ಮಾಡಿದರೂ ಒಂದನ್ನೂ ಓಡಿಸಲಿಲ್ಲ. ಗಿರಾಕಿ ಓಡಿಸುವುದು, ಇವರು ಪಕ್ಕದಲ್ಲಿ ಕೂತು ಸದ್ದು ಕೇಳುವುದು. ಕ್ಲಚ್ಚಿಲ್ಲದ ಕಾರುಗಳು ಈಗ ಬೇಕಾದಷ್ಟಿವೆಯಲ್ಲ ಎಂದು ನಿಮ್ಮ ಅಪ್ಪ ಒಮ್ಮೆ ಯಾರದೋ ಹೊಸ ಕಾರಿನಲ್ಲಿ ಕೂರಿಸಿದರು. ಕಾಲು ಮುಂದೆ ಬಡಿದು ಬಾಗಿಲೇ ಹಾಕಲಾಗಲಿಲ್ಲ. ಈ ಕೆಂಪು ಕಾರಿನಲ್ಲಾದರೋ ಯಾರೇ ಕೂತರೂ ಕಾಲು ಚಾಚಿಯೇ ಕೂರಬೇಕು. ಚೀಲದ ಹಾಗೆ ಒಳಗೆ ಇಳಿದು ಉದ್ದಕ್ಕೆ ಮಲಗಿದಂತೆ. ಕ್ಲಚ್ಚೂ ಇಲ್ಲ. ಅವರು ಓಡಿಸಬಹುದಾದ ಕಾರು ಅಂತ ಲೋಕದಲ್ಲಿದ್ದದ್ದು ಅದೊಂದೇ.

ಗೇರಿನ ಪೆಟ್ಟಿಗೆಯೊಳಗೆ ಸವೆದಿದ್ದ ಪ್ಲೇಟುಗಳಿಗೆ ಬದಲು ಹೊಸವನ್ನು ಚೆನ್ನೈಯಿಂದ ತರಿಸಿ, ಆ ಪೆಟ್ಟಿಗೆಯನ್ನು ಒಂದು ಸಲ ಬಿಚ್ಚಿ ಜೋಡಿಸಿದರು. ಕಾರು ಹೊರಟಿತು. ಆದರೆ ಮೊದಲನೇ ಗೇರಿನಲ್ಲೇ ಅರಚುತ್ತಾ ಓಡಿತೇ ಹೊರತು ಎರಡನೆಯದಕ್ಕೆ ಹೋಗಲಿಲ್ಲ. ಮತ್ತೆ ಬಿಚ್ಚಿದರು. ಆ ದಿನ ನಾನು ಗೋಡೆಯ ಹತ್ತಿರ ನಿಂತಿದ್ದೆ. ಅಲ್ಯೂಮಿನಿಯಮ್ಮಿನ ಒಂದು ದಪ್ಪ ತಟ್ಟೆ, ಅದರ ತುಂಬ ಬೆರಳಗಲದ ಕಾಲುವೆಗಳು. ಒಂದು ಕಾಲುವೆಯ ಬಾಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಗ್ಯಾರೇಜುಗಳಲ್ಲಿ ಕೈ ಒರೆಸಲು, ಸಾಮಾನು ಒರೆಸಲು ಕಾಟನ್ ವೇಸ್ಟು ಇಟ್ಟಿರುತ್ತಾರಲ್ಲ, ಅದರದ್ದು. ಮೇಸ್ತ್ರಿಯವರು ತಲೆತಲೆ ಚಚ್ಚಿಕೊಂಡರು.

"ನಲವತ್ತು ವರ್ಷದ ಚಾಳಿ ತಂಗೀ. ಒರೆಸಿ ಒರೆಸಿ ನಾನೇ ಹಾಳು ಮಾಡಿದ್ನಲ್ಲ. ಎಣ್ಣೆ ಅನ್ನೋದು ನೀರು. ಈ ವಾಲ್ವು ಅನ್ನೋದು ನೀರುಗಂಟಿ. ಯಾವ ಹೊಲಕ್ಕೆ ಯಾವಾಗ ಬಿಡ್ಬೇಕು ಅಂತ ಅವ್ನೇ ನೋಡ್ಕೋತಾನೆ. ಅವ್ನ ಕಾಲಿಗೇ ಹಗ್ಗ ಕಟ್ದಂಗಾಯ್ತು."

ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಅವರೇ ಕೇಳಿದರು: "ನಿಮ್ದು ಮೊಳಕಾಲ್ಮೂರಂತೆ. ರೇಷ್ಮೆ ಬಟ್ಟೇಲಿ ಜುಂಗು ಬಿಡಲ್ಲ ಅಲ್ವಾ? ಮಗ್ಗದಲ್ಲಿ ಮಿಕ್ಕಿದ್ದು ತುಂಡುಪಂಡು ಇದ್ರೆ ಕೊಡ್ತೀರಾ?"

ನಾನು ತಲೆ ಆಡಿಸಿದೆ. ಮರುದಿನ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿ, ಬೀಗ ತೆಗೆದು, ಮಗ್ಗದಿಂದ ಸೀರೆ ಕೊಯ್ದ ಮೇಲೆ ಉಳಿಯುವ ಗೇಣುದ್ದ ಮೊಳದುದ್ದದ ತುಂಡುಗಳನ್ನು ಒಂದು ಗಂಟು ತಂದೆ. ಅಂಚಿನಲ್ಲಿ ಎಳೆ ಬಿಚ್ಚಿದರೆ ಮತ್ತೆ ಅದೇ ಕಥೆಯೆಂದು ಎಲ್ಲಕ್ಕೂ ಸುತ್ತ ಮಡಿಚಿ ಹೊಲಿದೆ. ಗೋಡೆಯ ಮೇಲೆ ಗಂಟು ಇಟ್ಟಾಗ ಅವರು ಒಂದೊಂದೇ ಬಿಡಿಸಿ ನೋಡಿ, "ಯಾ ಅಲ್ಲಾ, ಮದುಮಗಳಿಗೆ ಉಡಿಸೋದು ಗೇರಿಗೆ ಉಡಿಸ್ತಾ ಇದ್ದೀವಲ್ಲ!" ಎಂದು ಗಟ್ಟಿಯಾಗಿ ನಕ್ಕರು.

ಗೋಡೆಯ ಪಕ್ಕ, ಬೇವಿನ ನೆರಳಿನಲ್ಲಿ ದೊಡ್ಡ ತುಂಡನ್ನು ಹಾಸಿ, ಆ ತಟ್ಟೆಯಿಂದ ತೆಗೆದ ಒಂದೊಂದನ್ನೂ ರೇಷ್ಮೆಯಲ್ಲಿ ಒರೆಸಿ, ತೆಗೆದ ಕ್ರಮದಲ್ಲೇ ಸಾಲಿಟ್ಟರು. ಕಡ್ಲೆ ಗಾತ್ರದ ಉಕ್ಕಿನ ಗುಂಡುಗಳು, ಸ್ಪ್ರಿಂಗುಗಳು, ಬೆರಳಿನಂಥ ವಾಲ್ವುಗಳು. ನಾನು ತರುಣನನ್ನು ಸೊಂಟಕ್ಕೆ ಏರಿಸಿಕೊಂಡು ಕೊನೆಯವರೆಗೂ ನೋಡಿದೆ. ನೋಡುತ್ತಾ ನೋಡುತ್ತಾ ಅದು ನನಗೆ ಸೀರೆಯ ಅಂಚಿನ ಹಾಗೆ ಕಂಡಿತು. ಎರಡು ಗುಂಡು, ಒಂದು ಉದ್ದ, ಒಂದು ಜಾಗ ಬಿಟ್ಟು ಮೋಟು, ಮತ್ತೆ ಗುಂಡು. ಅಂಚಿನ ಲೆಕ್ಕ ಒಮ್ಮೆ ಕಣ್ಣಿಗೆ ಬಿದ್ದರೆ ನೇಯುವವರಿಗೆ ಮರೆಯುವುದಿಲ್ಲ.

ಮತ್ತೆ ಜೋಡಿಸಲು ಚೆನ್ನೈಯಿಂದ ಇನ್ನೆರಡು ರಬ್ಬರು ಬಳೆ ಬರಬೇಕಿತ್ತು. ಅಷ್ಟರಲ್ಲಿ ರಂಜಾನ್ ಹಬ್ಬ ಬಂತು. ಹಬ್ಬಕ್ಕೆ ಮನೆ, ಗ್ಯಾರೇಜು ಎಲ್ಲ ತೊಳೆಯುವ ಭರದಲ್ಲಿ ಅವರ ಹೆಂಡತಿ ಆ ರೇಷ್ಮೆಯ ನಾಲ್ಕು ಮೂಲೆ ಹಿಡಿದೆತ್ತಿ, ಸಾಮಾನನ್ನೆಲ್ಲ ಒಂದು ಸ್ಟೀಲ್ ಬೇಸಿನ್ನಿಗೆ ಸುರಿದು, ಮೇಲೆ ತಟ್ಟೆ ಮುಚ್ಚಿ ಜೋಪಾನವಾಗಿ ಅಟ್ಟದ ಮೇಲೆ ಇಟ್ಟರು.

ಸಾಲು ಕೆಟ್ಟುಹೋಯಿತೆಂದು ತಿಳಿದಾಗ ಆ ಹೆಣ್ಣುಮಗಳು ಅತ್ತುಬಿಟ್ಟರು; ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೇಸ್ತ್ರಿಯವರು ಬೈಯಲೂ ಇಲ್ಲ. ಆ ಕಾರಿನ ಪುಸ್ತಕ ಎಲ್ಲೂ ಸಿಕ್ಕಿರಲಿಲ್ಲ. ಅವರದು ಬಟನ್ ಫೋನು, ಫೋಟೊ ತೆಗೆದಿರಲಿಲ್ಲ. ಬೇಸಿನ್ನನ್ನು ಮುಂದಿಟ್ಟುಕೊಂಡು ಎಷ್ಟೋ ದಿನ ಜೋಡಿಸಿ ನೋಡಿದರು. ಕೊನೆಗೆ ಅದನ್ನು ಪಕ್ಕಕ್ಕೆ ಸರಿಸಿ ಲಾರಿಗಳ ಕೆಲಸಕ್ಕೆ ಹೋದರು. ಟೀ ಆರಿ ಕೆನೆಗಟ್ಟಿದರೂ ಕುಡಿಯುತ್ತಿರಲಿಲ್ಲ. ಆ ಸಾಲು ನನ್ನ ಕಣ್ಣಲ್ಲೇ ಇತ್ತು, ಹೇಳೋಣವೆಂದು ದಿನಾ ಗೋಡೆಯವರೆಗೆ ಹೋಗಿ ವಾಪಸು ಬರುತ್ತಿದ್ದೆ.

ದಾವಣಗೆರೆಯಿಂದ ಅವರ ಹಳೆಯ ಗೆಳೆಯರೊಬ್ಬರು, ಅವರೂ ಮೇಸ್ತ್ರಿಯೇ, ಒಂದು ದಿನ ವ್ಯಾನಿನಲ್ಲಿ ಸಾದಾ ಗೇರುಬಾಕ್ಸು ಹಾಕಿಕೊಂಡು ಬಂದರು. ನಾನು ಬಟ್ಟೆ ಹಿಂಡುತ್ತಿದ್ದೆ.

"ಬಿಡು ಲೇ ಅದನ್ನ. ಕ್ಲಚ್ಚು ಕೂರ್ಸಿ ಇದನ್ನ ಹಾಕಿಬಿಡಾಣ. ಸಂಜೆಗೆ ಗಾಡಿ ರೋಡಿಗೆ ಬರ್ತೈತೆ."

"ಬರ್ತೈತೆ. ಓಡ್ಸೋರು ಯಾರು?"

"ನಾನ್ ಓಡಿಸ್ತೀನಿ, ನೀನ್ ಪಕ್ಕ ಕೂತ್ಕೋ."

ಮೇಸ್ತ್ರಿಯವರು ಮೂಲೆಯ ಬೇಸಿನ್ನಿನ ಕಡೆ ನೋಡಿದರು. "ಪಕ್ಕ ಕೂತಿದ್ದು ಸಾಕಾಗೈತಪ್ಪ" ಅಂದರು. ಆಮೇಲೆ, "ಹೂಂ, ಇಳಿಸು" ಅಂದರು.

ನನ್ನ ಕೈಯಲ್ಲಿ ಒದ್ದೆ ಸೀರೆ ಇತ್ತು. ಅದನ್ನು ಬಕೆಟ್ಟಿಗೆ ಹಾಕಿ ಬೀದಿ ಸುತ್ತಿಕೊಂಡು ಗ್ಯಾರೇಜಿನ ಬಾಗಿಲಿಗೆ ಹೋಗಿ ನಿಂತೆ. ಮೂವರು ನಾಲ್ವರು ಗಂಡಸರು ನನ್ನನ್ನೇ ನೋಡುತ್ತಿದ್ದರು. ಕಾಲು ವಾಪಸು ಹೋಗುವುದರಲ್ಲಿತ್ತು. ಮೂಲೆಯಲ್ಲಿ ಬೇಸಿನ್ನು ಕಂಡಿತು. ಹೋಗಿ ಅದರ ಮುಂದೆ ಕೂತು, ಅಲ್ಲೇ ಇದ್ದ ರೇಷ್ಮೆ ಹಾಸಿ, ಎರಡು ಗುಂಡು ಇಟ್ಟೆ. ಪಕ್ಕದಲ್ಲಿ ಉದ್ದನೆಯ ಸ್ಪ್ರಿಂಗು ಇಟ್ಟೆ.

"ಯಾರಮ್ಮಾ ಇದು? ಏನ್ ಮಾಡ್ತಾ ಐತೆ?" ಎಂದರು ದಾವಣಗೆರೆಯವರು.

"ಬಾಯ್ ಮುಚ್ಚು ಲೇ" ಎಂದರು ಮೇಸ್ತ್ರಿಯವರು. ತಮ್ಮ ಮಣೆಯನ್ನು ಎಳೆದುಕೊಂಡು ನನ್ನೆದುರು ಕೂತರು.

ಸಾಲು ಮುಕ್ಕಾಲು ಆಗುವ ಹೊತ್ತಿಗೆ ನನ್ನ ಕೈ ನಿಂತಿತು. ಎರಡು ಸ್ಪ್ರಿಂಗುಗಳು ಒಂದೇ ಉದ್ದ ಇದ್ದವು. ಮೇಸ್ತ್ರಿಯವರು ಒಂದನ್ನು ಎತ್ತಿ ವಾಲ್ವಿನ ಪಕ್ಕ ಇಟ್ಟರು. ಅದಲ್ಲವೆಂದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಕೂತ ಹಾಗೇ ಕೂತಿದ್ದೆ. ಅವರು ನನ್ನ ಮುಖ ನೋಡಿದರು.

"ತಪ್ಪೈತಾ? ಬಾಯಿ ಬಿಟ್ಟು ಹೇಳು ತಂಗೀ. ಇಲ್ಲಿ ನಿನಗೆ ಗೊತ್ತಿರೋದು ಯಾರಿಗೂ ಗೊತ್ತಿಲ್ಲ."

"ಅದಲ್ಲ ಅಣ್ಣಾ" ಅಂದೆ. "ಅಲ್ಲಿದ್ದದ್ದಕ್ಕೆ ಸುತ್ತು ಒಂದು ಕಮ್ಮಿ ಇತ್ತು."

ಅವರು ಎರಡನ್ನೂ ಬೆಳಕಿಗೆ ಹಿಡಿದು ಉಗುರಿನಿಂದ ಸುತ್ತು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಗೆಳೆಯನ ಕಡೆ ತಿರುಗಿ, "ವ್ಯಾನು ತಿರುಗಿಸ್ಕೋ" ಅಂದರು.

ಹತ್ತು ದಿನ ಆಯಿತು ಪೆಟ್ಟಿಗೆ ಕೂರಿಸಲು. ಓಡಿಸಿ ನೋಡುವ ದಿನ ಅವರ ಹೆಂಡತಿ ಮುಂದೆ, ನಾನು ಹಿಂದಿನ ಇಕ್ಕಟ್ಟಿನಲ್ಲಿ ಅಡ್ಡಡ್ಡ ಕೂತೆವು. ನಾನು ಬರಲೇಬೇಕೆಂದು ಹಟ ಮೇಸ್ತ್ರಿಯವರದು. "ತಪ್ಪಿದ್ರೆ ಇಬ್ರನ್ನೂ ಬೈಲಿ ಊರೋರು" ಅಂದರು. ಬಿಸ್ಮಿಲ್ಲಾ ಎಂದು ಹೊರಟರು. ಪೇಟೆಯಲ್ಲಿ ಹುಡುಗರೆಲ್ಲ ಓಡಿಬಂದರು. ಊರು ದಾಟಿ ಬಳ್ಳಾರಿ ರಸ್ತೆ ಹಿಡಿದಾಗ ಇಂಜಿನ್ನು ಅರಚತೊಡಗಿತು. ಅರಚಿತು, ಇನ್ನೂ ಅರಚಿತು. ಆಮೇಲೆ ಸದ್ದು ತಟ್ಟನೆ ಇಳಿದು ಕಾರು ಮೆತ್ತಗೆ ಮುಂದಕ್ಕೆ ಜಾರಿತು.

"ಏನಾಯ್ತು, ನಿಂತ್ಹೋಯ್ತಾ?" ಎಂದರು ಅವರ ಹೆಂಡತಿ.

"ಬದ್ಲಾಯ್ತು ಕಣೇ! ಎರಡಕ್ಕೆ ಬಂತು!" ಎಂದು ಮೇಸ್ತ್ರಿಯವರು ಸ್ಟೇರಿಂಗಿಗೆ ಗುದ್ದಿದರು. ಹಾರನ್ನು ಬಡಿದುಕೊಂಡಿತು. ಸ್ವಲ್ಪ ದೂರಕ್ಕೆ ಮೂರನೆಯದಕ್ಕೂ ಬಂತು. ಬೇಲಿಯಾಚೆ ಶೇಂಗಾ ಹೊಲಗಳು, ದೂರದ ಬಂಡೆಗುಡ್ಡಗಳು ಹಿಂದಕ್ಕೆ ಓಡಿದವು. "ತಿರುಗಿಸ್ರೀ, ಸಾಕು" ಎಂದು ಹೆಂಡತಿ ಮೂರು ಸಲ ಹೇಳಿದರು. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ತಳಕು ಊರು ದಾಟಿದ ಮೇಲೆ ಕಾರು ತಾನೇ ನಿಂತಿತು. ಓಡಿಸಿ ನೋಡಲಿಕ್ಕೆಂದು ಪೆಟ್ರೋಲು ಬಾಟಲಿಯಲ್ಲಿ ಎರಡು ಲೀಟರು ಹಾಕಿದ್ದರು, ಅಷ್ಟೇ.

ಟ್ರ್ಯಾಕ್ಟರಿನವರು ಹಗ್ಗ ಕಟ್ಟಲು ಬಂದರು. "ಎಳೀಬ್ಯಾಡ್ರಿ! ಈ ಗೇರು ಎಳದ್ರೆ ಕೆಡ್ತೈತೆ" ಎಂದು ಮೇಸ್ತ್ರಿಯವರು ಬಿಡಲಿಲ್ಲ. ಬೈಕಿನವರೊಬ್ಬರ ಕೈಯಲ್ಲಿ ಬಾಟಲಿ ಕೊಟ್ಟು ಕಳಿಸಿ, ಮರದಡಿ ಕೂತೆವು. ಕುರಿ ಹೊಡೆದುಕೊಂಡು ಬಂದ ಒಬ್ಬ ಅಜ್ಜ ಕಾರನ್ನು ಒಂದು ಸುತ್ತು ಹಾಕಿದ.

"ಸಾಬ್ರೇ, ಬೆಂಕಿಪೊಟ್ಣದಂಗೈತೆ. ಒಳಗೆ ಹೆಂಗ್ ತೂರಿದ್ರಿ?"

"ತೂರೋದು ಸಲೀಸು ಕಣಜ್ಜ. ಎದ್ದೇಳೋದೇ ಕಷ್ಟ."

"ಯಾರು ರಿಪೇರಿ ಮಾಡಿದ್ದು?"

ಮೇಸ್ತ್ರಿಯವರು ನನ್ನ ಕಡೆ ಕೈ ತೋರಿಸಿದರು. "ಇವ್ರು ಗೇರಿನ ಮೇಸ್ತ್ರಿ. ನಾನು ಬರೀ ಡ್ರೈವರು."

ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ತಾತ ಹೋದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಆ ವರ್ಷವೇ ನಾನು ಮೊಳಕಾಲ್ಮೂರಿಗೆ ಹಿಂತಿರುಗಿ ಮಗ್ಗಕ್ಕೆ ಕೂತೆ. ಸೀರೆ ಕೊಳ್ಳಲು ಬರುವವರ ಜೊತೆ ಈಗ ನಾನೇ ಮಾತಾಡುತ್ತೇನೆ. ಬಣ್ಣ ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನುತ್ತೇನೆ. ಹೇಳು ಎಂದು ಕೇಳಿ, ನನ್ನ ಮಾತಿಗೆ ಕೂತು ಕಾದವರು ಒಬ್ಬರು ಸಿಕ್ಕಿದ್ದರಿಂದ ನನಗೆ ಅಷ್ಟು ಬಂತು. ಅವರಿಗೆ ಇದನ್ನು ನಾನು ಯಾವತ್ತೂ ಹೇಳಲಿಲ್ಲ.

ಮೇಸ್ತ್ರಿಯವರು ಆ ಕಾರನ್ನು ಆರು ವರ್ಷ ಓಡಿಸಿದರು. ಶುಕ್ರವಾರ ನಮಾಜು ಮುಗಿಸಿ ಒಂದು ಸುತ್ತು ತಪ್ಪುತ್ತಿರಲಿಲ್ಲ. ಹೆಂಡತಿಗೂ ಕಲಿಸಿದರು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಒರಗಿಕೊಂಡವರು ಏಳಲಿಲ್ಲ. ಈಗ ಕಾರು ಓಡಿಸುವುದು ಅವರ ಹೆಂಡತಿಯೇ. ನಿಮ್ಮ ಓಣಿಯಲ್ಲಿ ಅವರು ಬರುವಾಗ ಕೋಳಿಗಳೆಲ್ಲ ಗೋಡೆ ಹತ್ತುವುದನ್ನು ನೀವೇ ನೋಡಿದ್ದೀರಿ.

ಆ ಗೇರಿನ ಪ್ಲೇಟುಗಳು ಸವೆಯುವಂಥವು. ಇವತ್ತಲ್ಲ ನಾಳೆ ಆ ಪೆಟ್ಟಿಗೆಯನ್ನು ಯಾರಾದರೂ ಬಿಚ್ಚಲೇಬೇಕು. ಆ ಸಾಲು ತಿಳಿದಿದ್ದವರು ನಾವಿಬ್ಬರು; ಈಗ ನಾನೊಬ್ಬಳು. ಅದಕ್ಕೇ ಮುಂದಿನ ಹಾಳೆಯಲ್ಲಿ ಗುಂಡು, ಸ್ಪ್ರಿಂಗು, ವಾಲ್ವು ಎಲ್ಲವನ್ನೂ ಅವು ಇರುವ ಕ್ರಮದಲ್ಲೇ ಬರೆದು, ಸುತ್ತುಗಳ ಲೆಕ್ಕವನ್ನೂ ಹಾಕಿದ್ದೇನೆ. ನೀರು ಸೋರದ ಕಡೆ, ಇಲಿ ಬಾರದ ಕಡೆ ಈ ಹಾಳೆಗಳನ್ನು ಇಡಿ. ಗ್ಯಾರೇಜಿನ ಅಜ್ಜಿ ಬಂದು ಕೇಳಿದಾಗ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ಓದಿ ಹೇಳಿ, ಕೆಲಸ ಮುಗಿದ ಮೇಲೆ ಮರೆಯದೆ ಮನೆಗೆ ತನ್ನಿ.